ಸಾಹೇಬರ ಗ್ಲಾಸಿಗೆ ಅಕ್ಕನ ಕಹಿ

"ನೆಲಕ್ಕ ಚೆಲ್ಲಾಕ ಕುದಿಸಿ ಕೊಟ್ಟೇನೇನು ನಾ? ಹೇಳು. ನೆಲಕ್ಕ ಚೆಲ್ಲಾಕ?"

"ದನಿ ತಗ್ಗಿಸು ಅಕ್ಕಾ. ಸಾಹೇಬ ಇನ್ನೂ ವರಾಂಡಾದಾಗ ಕುಂತಾನ."

"ಕುಂತಿರ್ಲಿ. ಅವಂಗೂ ಕೇಳ್ಲಿ. ಜ್ವರದ ಮನಷ್ಯಾ ಅಂತ ಹೇಳಿ ಎರಡ ವರ್ಷ ನನ್ನ ಕಡಿಂದ ಕಹಿ ಒಯ್ದಿ. ಅದು ಅವನ ಹೊಟ್ಟಿಗೆ ಹೋಗೂದು ಬಿಟ್ಟು ಹೂವಿನ ಪಾತಿಗೆ ಹೋಗಾಕತ್ತಿತ್ತೇನು?"

"ಹೊಟ್ಟಿಗೂ ಹೋಗ್ತೈತಿ. ಗ್ಲಾಸಿಗೆ ಹತ್ತಿದ್ದಷ್ಟು ಹೋಗ್ತೈತಿ. ಮಿಕ್ಕಿದ್ದು ಚೆಲ್ಲಬೇಕು. ಅದು ಅವನ ರುಚಿ. ನಾ ಏನ್ ಮಾಡ್ಲಿ?"

"ಚೆಲ್ಲಿದ ಕೈ ಯಾರ್ದು?"

ತಪ್ಪು ನನ್ನದಾದಾಗ ನಾನು ಜೋರು ಮಾಡುತ್ತೇನೆ. "ಹಿಂದಿನ ಮನಿಯಾಗ ಇರೂ ಹೆಂಗಸು ಮುಂದಿನ ವರಾಂಡಾಕ್ಕ ಯಾಕ ಬಂದಿ? ಯಾರ್ ಕರದಿದ್ರು ನಿನ್ನ?" ಎಂದೆ.

"ಯಾರೂ ಕರೀಲಿಲ್ಲ. ಎರಡ ವರ್ಷ ಔಷಧ ಕುಡದಾಂವ ಹೆಂಗದಾನ, ನಾಲಿಗಿ ನೋಡೂಣು ಅಂತ ಬಂದಿದ್ದೆ."

ಇಷ್ಟು ಹೇಳಿ ಅಕ್ಕ ಕೆಂಚವ್ವ ಒಲೆಯ ಮುಂದೆ ಕುಳಿತಳು. ಬಡಿದಿಟ್ಟಿದ್ದ ರೊಟ್ಟಿಗಳ ಮೇಲೆ ಬುಟ್ಟಿ ಕವುಚಿದಳು. ಆ ದಿನ ಅವಳು ಉಣ್ಣಲಿಲ್ಲ.

ನಾನು ಧುಪದಾಳದ ನೀರಾವರಿ ಬಂಗಲೆಯ ಆಳು. ಹೆಸರು ಪರಪ್ಪ. ದೀಪ ಹಚ್ಚುವುದು, ನೀರು ತುಂಬುವುದು, ಕುರ್ಚಿ ಒರೆಸುವುದು ನನ್ನ ಕೆಲಸ. ಹದಿನೇಳು ವರ್ಷ ಮಾಡಿದರೂ ಹಂಗಾಮಿ. ಪ್ರತಿ ವರ್ಷ ಹುಕ್ಕೇರಿಗೆ ಒಂದು ಅರ್ಜಿ, ಬೆಳಗಾವಿಗೆ ಒಂದು ಅರ್ಜಿ ಬರೆಯುತ್ತಿದ್ದೆ. ಎರಡಕ್ಕೂ ಉತ್ತರ ಬರುತ್ತಿರಲಿಲ್ಲ. ಹೆಂಡತಿ ಸತ್ತ ವರ್ಷ ಘೋಡಗೇರಿಯಿಂದ ಅಕ್ಕ ಬಂದಳು. ಅವಳ ಗಂಡನೂ ಹೋಗಿದ್ದ, ಮಕ್ಕಳಿರಲಿಲ್ಲ. ಬಂಗಲೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಇದ್ದೆವು.

ಸಾಹೇಬ ಅಂದರೆ ಕಾಲುವೆಯ ಇಂಜಿನಿಯರ್, ಇಂಗ್ಲಿಷಿನವನು. ತಿಂಗಳಲ್ಲಿ ಇಪ್ಪತ್ತು ದಿನ ಇಲ್ಲೇ ಇರುತ್ತಿದ್ದ. ಹೊಳೆಯ ಒಡ್ಡಿನ ಮೇಲೆ ನೀರು ಬೀಳುವುದನ್ನು ನೋಡುತ್ತ ಹೊತ್ತು ಮುಳುಗುವಾಗ ಒಂದು ಗ್ಲಾಸು ಜಿನ್ ಕುಡಿಯುತ್ತಿದ್ದ, ಕೆಲವು ದಿನ ಎರಡು. ಅದನ್ನು ಬೆರೆಸಿ ಕೊಡುವುದು ನನ್ನ ಪಾಲಿಗೆ ಬಂದದ್ದು ಹೀಗೆ. ಅವನ ಅಡುಗೆಯವನು ಹುಸೇನ್‌ಸಾಬ ಐದು ಹೊತ್ತು ನಮಾಜು ಮಾಡುವವನು. ಮಾಂಸ ಬೇಯಿಸುತ್ತೇನೆ, ಆ ಸೀಸೆ ಮುಟ್ಟುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟ. ನಾನು ಲಿಂಗ ಕಟ್ಟಿದವನು, ನನಗೂ ಅದು ವರ್ಜ್ಯ. ಆದರೆ ಅವನಿಗೆ ಕಾಯಂ ನೌಕರಿ ಇತ್ತು, ನನಗೆ ಇರಲಿಲ್ಲ. ಸೀಸೆ ನನ್ನ ಕೈಗೆ ಬಂತು.

ಹಾಗಾಗಿ ಎಂದೂ ಬಾಯಿಗೆ ಇಡದ ವಸ್ತುವನ್ನು ಇನ್ನೊಬ್ಬನ ಬಾಯಿಗೆ ಸರಿಯಾಗಿ ಬೆರೆಸುವುದನ್ನು ಕಲಿತೆ. ಅದಕ್ಕೆ ಮೂಗು ಬೇಕು, ಕುಡಿಯುವವನ ಮುಖದ ಮೇಲೆ ಕಣ್ಣು ಬೇಕು. ಜಿನ್ನಿಗೆ ರುಚಿಗೆಂದು ಹಾಕುವ ಕಹಿ ಅರಕು ಒಂದು ಸಣ್ಣ ಸೀಸೆಯಲ್ಲಿ ಹಡಗಿನ ಮೇಲೆ ಬರುತ್ತಿತ್ತು. ಸುತ್ತಿದ ಕಾಗದ ಸೀಸೆಗಿಂತ ದೊಡ್ಡದು, ಅಂಗಿ ಅಳತೆ ತಪ್ಪಿದಂತೆ. ಬಂಗಲೆಗೆ ಬರುವ ಸಾಹೇಬರಲ್ಲಿ ಎರಡು ಜಾತಿ. ಕಹಿ ಗ್ಲಾಸಿನಲ್ಲೇ ಇರಲಿ ಅನ್ನುವವರು ಒಂದು, ಗ್ಲಾಸಿಗೆ ಹತ್ತಿಸಿ ಚೆಲ್ಲು ಅನ್ನುವವರು ಇನ್ನೊಂದು. ನಮ್ಮವನು ಚೆಲ್ಲುವ ಜಾತಿ. ಒಣಗಿದ ಗ್ಲಾಸಿಗೆ ಐದು ಹನಿ ಹಾಕಬೇಕು. ಗ್ಲಾಸು ಓರೆ ಮಾಡಿ, ಹಂಚಿಗೆ ಎಣ್ಣೆ ಸವರಿದಂತೆ ಒಳಗೆಲ್ಲ ತಿರುಗಿಸಬೇಕು. ಆಮೇಲೆ ಮಣಿಕಟ್ಟಿನಿಂದ ಒಮ್ಮೆ ಕೊಡವಿ ಝಾಡಿಸಬೇಕು, ಉಳಿದದ್ದು ವರಾಂಡದಾಚೆಯ ಪಾತಿಗೆ. ಎರಡು ಬೆರಳು ಜಿನ್. ಮಣ್ಣಿನ ಹರವಿಯ ತಣ್ಣೀರು ಒಂದು ಬೆರಳಿಗಿಂತ ಕಡಿಮೆ. ನೀರು ಮೊದಲು ಬಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಗುತ್ತಿತ್ತೋ, ನನಗೆ ಇವತ್ತಿಗೂ ತಿಳಿಯದು. ಮೊದಲ ಗುಟುಕಿಗೆ ಎಡ ಹುಬ್ಬು ಏರಿದರೆ ಕಹಿ ಹೆಚ್ಚು. ಗ್ಲಾಸು ಕೆಳಗಿಟ್ಟು ಹೊಳೆ ನೋಡಿದರೆ ಕಡಿಮೆ. ಎರಡನೆಯ ಗುಟುಕು ತಕ್ಷಣ ಬಂದರೆ ಸರಿ.

ಲಡಾಯಿ ಶುರುವಾಗಿ ಎರಡನೆಯ ವರ್ಷ ಆ ಸಣ್ಣ ಸೀಸೆ ಬರುವುದು ನಿಂತಿತು. ಹಡಗು ಮುಳುಗಿಸುತ್ತಿದ್ದಾರೆ ಎಂದರು. ಜಿನ್ ಹೇಗೋ ಬೆಳಗಾವಿಯಿಂದ ಸಿಗುತ್ತಿತ್ತು, ಕಹಿ ಸಿಗುತ್ತಿರಲಿಲ್ಲ. ಸಾಹೇಬ ಬರೀ ಜಿನ್ ಕುಡಿದು ಮುಖ ಗಂಟಿಕ್ಕಿಕೊಂಡಿರುತ್ತಿದ್ದ. ಹುಸೇನ್‌ಸಾಬನ ಮೇಲೆ ತಟ್ಟೆ ಎಸೆದ. ನನ್ನ ಅರ್ಜಿಯನ್ನು ಓದದೆ ಬದಿಗಿಟ್ಟ.

ಆ ಮಳೆಗಾಲ ನನಗೆ ಚಳಿಜ್ವರ ಬಂತು. ಕಾಲುವೆ ಬಂದಂದಿನಿಂದ ಈ ಕಡೆ ಜ್ವರಕ್ಕೆ ಬರವಿಲ್ಲ. ಅಕ್ಕ ತನ್ನ ಕಷಾಯ ಕೊಟ್ಟಳು. ನೆಲಬೇವು, ಒಣಗಿಸಿದ ಕಂಚಿಕಾಯಿಯ ಸಿಪ್ಪೆ, ಒಣಶುಂಠಿ, ಲವಂಗ, ದಾಲ್ಚಿನ್ನಿ. ಬಟ್ಟಲು ಮೂಗಿನ ಹತ್ತಿರ ಬಂದಾಗ ಜ್ವರದಲ್ಲೇ ಎದ್ದು ಕುಳಿತೆ. ಅದೇ ವಾಸನೆ. ಕಾಗದ ಸುತ್ತಿದ ಸೀಸೆಯ ವಾಸನೆ. ಅಣ್ಣತಮ್ಮಂದಿರಷ್ಟು ಫರಕು, ಅಷ್ಟೇ.

ಜ್ವರ ಇಳಿದ ಮೇಲೆ ಒಂದು ಬಟ್ಟಲು ಕದ್ದು, ಗಟ್ಟಿಯಾಗುವ ತನಕ ಕುದಿಸಿ, ಸಾಹೇಬನ ಗ್ಲಾಸಿಗೆ ಒಂದು ಚಮಚ ಹಾಕಿ ತಿರುಗಿಸಿ ಚೆಲ್ಲಿದೆ. ಅವನು ಕುಡಿದ. ಹುಬ್ಬು ಏರಲಿಲ್ಲ. "ಬಣ್ಣ ತಪ್ಪು, ರುಚಿ ತಪ್ಪಲ್ಲ," ಎಂದ. ಎರಡನೆಯ ಗುಟುಕು ತಕ್ಷಣ ಬಂತು.

ಎಷ್ಟು ದಿನ ಕದಿಯಲಿಕ್ಕಾಗುತ್ತದೆ? ಅಕ್ಕನಿಗೆ ಸಾಹೇಬನಿಗೂ ಜ್ವರ ಎಂದು ಹೇಳಿದೆ. ಪೂರ್ತಿ ಸುಳ್ಳಲ್ಲ, ಅವನಿಗೆ ವರ್ಷಕ್ಕೊಮ್ಮೆ ಜ್ವರ ಬರುತ್ತಿತ್ತು. ಅವಳು ನಂಬಿದಳು. ಅಲ್ಲಿಂದ ಒಂದು ವಿಚಿತ್ರ ಚಿಕಿತ್ಸೆ ನಡೆಯಿತು. ಸಾಹೇಬ ಲವಂಗ ಹೆಚ್ಚಾಯಿತು ಅನ್ನುವನು. ನಾನು ಬಂದು, "ಅಕ್ಕಾ, ಅವಂಗ ಲವಂಗ ತಡಿಯೂದಿಲ್ಲಂತ," ಅನ್ನುವೆನು.

"ಪಿತ್ತದ ಮೈ ಇರಬೇಕು. ಬೆಳಿಗ್ಗೆ ಎದ್ದ ಕೂಡ್ಲೆ ಸಿಟ್ಟು ಮಾಡ್ತಾನೇನು?"

"ಬೆಳಿಗ್ಗೇನೂ ಮಾಡ್ತಾನ, ಸಂಜೀಕೂ ಮಾಡ್ತಾನ."

"ಹಂಗಾರ ಕಂಚಿ ಸಿಪ್ಪಿ ಹೆಚ್ಚ ಹಾಕ್ತೇನಿ. ನಿಂಗೂ ಹಾಕಬೇಕದು."

ಹೀಗೆ ಅವಳು ಕಾಣದ ರೋಗಿಯ ಪಿತ್ತಕ್ಕೆ ಕಂಚಿ ಹಾಕಿದಳು, ಸಾಹೇಬ ತನ್ನ ಜಿನ್ನಿಗೆ ಕಂಚಿ ಬಂದದ್ದನ್ನು ಮೆಚ್ಚಿದ. ಶುಂಠಿ ಇಳಿಯಿತು, ದಾಲ್ಚಿನ್ನಿ ಸ್ವಲ್ಪ ಏರಿತು. ಆರು ತಿಂಗಳಲ್ಲಿ ಆ ಕಹಿ ಅವನೊಬ್ಬನ ನಾಲಿಗೆಗೆ ಹೊಂದುವಂತೆ ಆಯಿತು. ಹಡಗಿನದಕ್ಕಿಂತ ಇದು ಮೇಲು ಎಂದು ಅವನೇ ಹೇಳಿದ.

ಅಕ್ಕನ ಕಷಾಯಕ್ಕೆ ಅವಳ ಅತ್ತೆ ಹಾಕಿಕೊಟ್ಟ ಮೂರು ಕಟ್ಟಳೆಗಳಿದ್ದವು. ಔಷಧಕ್ಕೆ ದುಡ್ಡು ಮುಟ್ಟಬಾರದು. ಕೇಳಿದವರಿಗೆ ಇಲ್ಲ ಅನ್ನಬಾರದು. ಒಂದು ಹನಿಯೂ ನೆಲಕ್ಕೆ ಬೀಳಬಾರದು, ಬಿದ್ದ ದಿನ ಕೊಟ್ಟವಳು ಉಣ್ಣಬಾರದು. ಇದನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಒಮ್ಮೆ ಆಡಿನ ಮರಿ ಗಡಿಗೆ ಒದ್ದು ಕೆಡವಿದಾಗ ಅವಳು ಮರುದಿನದವರೆಗೆ ನೀರು ಕುಡಿದುಕೊಂಡಿದ್ದಳು. ಮೂಡಲಗಿಯ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ಅವರ ಬಟ್ಟಲಿನ ತಳದಲ್ಲಿ ಉಳಿದ ಗುಟುಕನ್ನೂ ಕುಡಿಸಿಯೇ ಕಳಿಸುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ನಾನು ದಿನಾ ಒಂದು ಚಮಚ ಗ್ಲಾಸಿಗೆ ಹಾಕಿ ಮುಕ್ಕಾಲು ಪಾಲು ಪಾತಿಗೆ ಝಾಡಿಸುತ್ತಿದ್ದೆ. ಅವಳಿಗೆ ಕಾಣುವುದಿಲ್ಲವಲ್ಲ ಎಂದುಕೊಂಡಿದ್ದೆ. ಕಂಡಿತು.

ಜಗಳದ ಮರುದಿನ ಬೆಳಿಗ್ಗೆ ಕೇಳಿದೆ. "ಇನ್ನ ಮ್ಯಾಲ ಕೊಡೂದಿಲ್ಲೇನು?"

"ಕೇಳಿದವರಿಗೆ ಇಲ್ಲ ಅನ್ನಾಕ ನಂಗ ಬರೂದಿಲ್ಲ. ಗಡಿಗ್ಯಾಗೈತಿ, ತಗೊಂಡ ಹೋಗು. ನೀ ಚೆಲ್ಲಿದ ದಿನ ನಾ ಉಣ್ಣೂದಿಲ್ಲ. ಅಷ್ಟ."

"ಹಿಂದಿನ ಎರಡ ವರ್ಷದ್ದೂ ಉಪಾಸ ಮಾಡಾಕಿಯೇನು?"

"ಅದು ನಂಗ ಗೊತ್ತಿಲ್ಲದ್ದು. ಅದನ್ನ ನೀನ ಹೊತ್ಕೊಂಡ ಹೋಗು."

ಐವತ್ತಾರು ವರ್ಷದ ಹೆಂಗಸು. ನಾಲ್ಕು ದಿನ ನೀರು, ಒಂದು ಹಿಡಿ ಹುರಿಗಡಲೆಯೂ ಇಲ್ಲ. ಐದನೆಯ ದಿನ ಸಾಹೇಬ ಬೆಳಗಾವಿಗೆ ಹೋದ, ಅವಳು ರೊಟ್ಟಿ ತಿಂದಳು. ಅವನು ಮರಳಿ ಬಂದ ದಿನ ಮತ್ತೆ ಬುಟ್ಟಿ ಕವುಚಿಟ್ಟಳು. ಬಾವಿಯಿಂದ ಒಂದೇ ಕೊಡ ತರುವಾಗ ಎರಡು ಕಡೆ ಕುಳಿತು ಬರುತ್ತಿದ್ದಳು. ಕೊಡ ಕಸಿದುಕೊಳ್ಳಲು ಹೋದರೆ ಕೊಡುತ್ತಿರಲಿಲ್ಲ.

ಕಾಲುವೆಯ ಕಾವಲಿನ ಮಾಳಪ್ಪ ನೋಡಿ ಕೇಳಿದ, "ಏನೋ ಪರಪ್ಪಣ್ಣ, ಅಕ್ಕಗ ಕೂಳ ಹಾಕವಲ್ಲಿಯೇನು? ಗಾಳಿ ಬಂದ್ರ ಹಾರಿಹೋದಾಳು."

"ನಿನ್ನ ಹೆಂಡತಿ ತವರಿಗೆ ಹೋಗಿ ಎರಡ ತಿಂಗಳಾತು. ಮೊದ್ಲ ನಿಂದು ನೋಡ್ಕೊ," ಎಂದೆ.

"ನನ್ನಾಕಿ ಹೊಟ್ಟಿ ತುಂಬಿಸ್ಕೊಂಡ ಹೋಗ್ಯಾಳ," ಎಂದು ಅವನು ನಕ್ಕು ಹೋದ. ಹಿಂದಿನಿಂದ ಕಲ್ಲು ಎಸೆಯಬೇಕೆನಿಸಿತು.

ಬೇರೆ ದಾರಿ ಹುಡುಕಲಿಲ್ಲ ಅಂತಲ್ಲ. ಗೋಕಾಕದ ಪ್ಯಾಟೆಗೆ ನಡೆದು ಹೋಗಿ ಗಿಡಮೂಲಿಕೆ ಅಂಗಡಿಯಲ್ಲಿ ಒಂದೊಂದನ್ನೂ ಮೂಸಿ ತಂದೆ. ಅಕ್ಕ ಹಾಕುವುದನ್ನೇ ಹಾಕಿ, ಹುಸೇನ್‌ಸಾಬನ ಒಲೆಯ ಮೇಲೆ ಅರ್ಧ ದಿನ ಕುದಿಸಿದೆ. ವಾಸನೆ ಸರಿ ಇತ್ತು ಎಂದೇ ನನ್ನ ಮೂಗು ಹೇಳಿತು. ಸಾಹೇಬ ಒಂದು ಗುಟುಕು ಬಾಯಿಗಿಟ್ಟು ಹೊರಗೆ ಉಗುಳಿದ. ಇದು ಕುದುರೆಯ ಔಷಧ, ನನ್ನದು ಎಲ್ಲಿ ಎಂದು ಹಿಂದೂಸ್ತಾನಿಯಲ್ಲಿ ಕೇಳಿದ. ಯಾವುದನ್ನು ಮೊದಲು ಹಾಕುತ್ತಾಳೆ, ಯಾವುದನ್ನು ಇಳಿಸುವಾಗ ಹಾಕುತ್ತಾಳೆ ಎಂದು ಆರು ವರ್ಷ ಅದೇ ಒಲೆಯ ಮುಂದೆ ಕುಳಿತು ಉಂಡ ನಾನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಅಕ್ಕನ ಕಹಿಯನ್ನೇ ಅರ್ಧ ಚಮಚ ಹಾಕಿ, ಚೆಲ್ಲದೆ, ಮೇಲೆ ಜಿನ್ ಸುರಿದೆ. ಹುಬ್ಬು ಏರಿತು. ನಾಲ್ಕೇ ಹನಿ ಹಾಕಿ ನೋಡಿದೆ. ಅವನು ಗ್ಲಾಸು ಕೆಳಗಿಟ್ಟು ಹೊಳೆ ನೋಡಿದ. ಗ್ಲಾಸಿನ ಮೈಗೆಲ್ಲ ಹತ್ತಬೇಕಾದರೆ ಒಂದು ಚಮಚ ಬೇಕು. ಒಂದು ಚಮಚ ಒಳಗೇ ಉಳಿದರೆ ಬಾಯಿಗೆ ಇಡಲಾಗದು. ನಾನು ಎಷ್ಟೇ ಬಡಿದಾಡಿದರೂ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಕಡೆಗೆ ಒಂದು ಉಪಾಯ ಹೊಳೆಯಿತು. ಹಿತ್ತಾಳೆಯ ಬಟ್ಟಲೊಂದನ್ನು ಮೇಜಿನ ಹಿಂದೆ ಇಟ್ಟುಕೊಂಡೆ. ಸಾಹೇಬನಿಗೆ ಬೆನ್ನು ಮಾಡಿ, ಗ್ಲಾಸು ತಿರುಗಿಸಿ, ಮಿಕ್ಕದ್ದನ್ನು ಬಟ್ಟಲಿಗೆ ಬಗ್ಗಿಸಿದೆ. ಝಾಡಿಸಿದಂತಲ್ಲ, ತಳದಲ್ಲಿ ಒಂದು ಹನಿ ಉಳಿಯುತ್ತದೆ. ಆದರೂ ಅವನು ಕುಡಿದ. ಕೊನೆಯ ಗುಟುಕಿಗೆ ಸ್ವಲ್ಪ ಮುಖ ಕಿವುಚಿದ, ಏನೂ ಅನ್ನಲಿಲ್ಲ. ಬಟ್ಟಲು ಮುಚ್ಚಿಕೊಂಡು ಹಿಂದಿನ ಮನೆಗೆ ಹೋದೆ.

"ನೋಡಿಲ್ಲೆ. ಒಂದ ಹನಿ ಬಿದ್ದಿಲ್ಲ. ಇದಕ್ಕ ಶೆರೆ ಹತ್ತಿಲ್ಲ, ಅದರಕಿಂತ ಮೊದ್ಲ ತಗದದ್ದು."

ಅಕ್ಕ ಬಟ್ಟಲು ಎತ್ತಿ ಮೂಸಿದಳು. ನನ್ನ ಮುಖ ನೋಡಿದಳು.

"ಖರೆ ಹೇಳಾಕತ್ತಿಯೇನು?"

"ಲಿಂಗದಾಣಿ."

ಅವಳು ಆ ಕಹಿಯನ್ನು ತಾನೇ ಕುಡಿದಳು, ಬಟ್ಟಲಿಗೆ ನೀರು ಹಾಕಿ ತೊಳೆದು ಅದನ್ನೂ ಕುಡಿದಳು. ಆಮೇಲೆ ಬುಟ್ಟಿ ಎತ್ತಿ ಎರಡು ರೊಟ್ಟಿ, ಹಿಂಡಿಪಲ್ಯ, ಮಜ್ಜಿಗೆ ಉಂಡಳು. ನಾನು ಹತ್ತಿರವೇ ಕುಳಿತು ನೋಡಿದೆ. ಮರುದಿನವೂ ಹಾಗೇ ಆಯಿತು. ಅವಳು ಮೂರು ರೊಟ್ಟಿ ತಿಂದಳು. ಸಾಹೇಬನ ಪಿತ್ತ ಹೇಗಿದೆ ಎಂದು ಕೇಳಿದಳು. ನಾನು ಆ ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಮಾಡಿದೆ.

ಮೂರನೆಯ ದಿನ ಬೆಳಗಾವಿಯಿಂದ ಇನ್ನೊಬ್ಬ ಸಾಹೇಬ ಬಂದ. ಕೆಂಪು ಮುಖ, ದೊಡ್ಡ ನಗು. ನಮ್ಮ ಸಾಹೇಬನಿಗೆ ಸಿಂಧ ಪ್ರಾಂತಕ್ಕೆ ಬದಲಿಯಾಗಿತ್ತು, ಇವನು ಬೀಳ್ಕೊಡಲು ಬಂದವನು. ಮಧ್ಯಾಹ್ನ ಸಾಹೇಬ ನನ್ನನ್ನು ಕರೆದು ಒಂದು ಕಾಗದ ತೋರಿಸಿದ. ಟೈಪು ಮಾಡಿದ್ದು, ನನ್ನ ಹೆಸರಿತ್ತು. ಕಾಯಂ ಹುಕುಂ. ಸಹಿ ಒಂದು ಉಳಿದಿತ್ತು. ಸಂಜೆ ಮಾಡುತ್ತೇನೆ ಎಂದ. ಹದಿನೇಳು ವರ್ಷ ಕಾದವನಿಗೆ ಸಂಜೆಯವರೆಗೆ ಕಾಯುವುದು ಬಹಳ ದೊಡ್ಡದಾಯಿತು.

ಅಕ್ಕನಿಗೆ ಹೇಳಿದೆ. ಅವಳು ಖುಷಿಪಟ್ಟಳು. "ಒಂದಿಷ್ಟ ಹೋಳಗಿ ಮಾಡ್ತೇನಿ," ಎಂದಳು. ಆಮೇಲೆ, "ಹೋಗೂ ಮುಂದ ಆ ಮನಷ್ಯಾನ ಇನ್ನೊಮ್ಮೆ ನೋಡಬೇಕು. ನಾ ಬಾಗಲದಾಗ ನಿಂದರ್ತೇನಿ, ಮುಂದ ಬರೂದಿಲ್ಲ," ಎಂದಳು.

ಬೇಡ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಬಟ್ಟಲಿನ ಉಪಾಯ ಅವಳೂ ಕಣ್ಣಾರೆ ನೋಡಲಿ ಎಂದು ಒಳಗೊಳಗೇ ಅನಿಸಿತು.

ಹೊತ್ತು ಮುಳುಗುತ್ತಿತ್ತು. ಇಬ್ಬರು ಸಾಹೇಬರೂ ಕುರ್ಚಿ ಹಾಕಿಕೊಂಡು ಕುಳಿತರು. ಮೇಜಿನ ಮೇಲೆ ಕಾಗದ, ಕಾಗದದ ಮೇಲೆ ತೆರೆದ ಪೆನ್ನು. ಒಳಬಾಗಿಲಿನ ಚಾಪೆಯ ಪರದೆಯ ಹಿಂದೆ ಅಕ್ಕನ ಸೀರೆಯ ಅಂಚು ಕಾಣುತ್ತಿತ್ತು. ನಾನು ಗ್ಲಾಸಿಗೆ ಕಹಿ ಹಾಕಿ ತಿರುಗಿಸಿ ಬಟ್ಟಲಿನ ಕಡೆಗೆ ಬಗ್ಗಿದೆ.

ಸಾಹೇಬ ಗೆಳೆಯನಿಗೆ ನನ್ನ ಕೈಚಳಕ ತೋರಿಸಬೇಕೆಂದಿದ್ದ. ಈ ಕಡೆ ತಿರುಗಿ ಮಾಡು ಎಂದ. ತಿರುಗಿದೆ. ಬಟ್ಟಲು ಕಂಡಿತು.

"ಯೇ ಕ್ಯಾ ಹೈ?"

"ಬಟ್ಟಲ್ರಿ ಸಾಹೇಬ್ರ. ಹಾಳಾಗಬಾರದಂತೇಳಿ."

ಅವನು ಅದನ್ನು ಗೆಳೆಯನಿಗೆ ಇಂಗ್ಲಿಷಿನಲ್ಲಿ ಹೇಳಿದ. ಆ ಕೆಂಪು ಮುಖದವನು ತೊಡೆ ತಟ್ಟಿಕೊಂಡು ನಕ್ಕ. ನಮ್ಮ ಸಾಹೇಬ ನಗಲಿಲ್ಲ. ಎರಡು ದಿನದಿಂದ ಕೊನೆಯ ಗುಟುಕು ಯಾಕೆ ಕೆಡುತ್ತಿತ್ತು ಎಂದು ಈಗ ತಿಳಿಯಿತು ಎಂದ. ಸಿಟ್ಟಿಲ್ಲದೆ, ಮೇಷ್ಟ್ರು ಹೇಳಿದಂತೆ ಹೇಳಿದ. ಬಗ್ಗಿಸಿದರೆ ಹನಿ ಉಳಿಯುತ್ತದೆ, ಝಾಡಿಸಿದರೆ ಉಳಿಯುವುದಿಲ್ಲ. ಇಷ್ಟು ವರ್ಷ ಸರಿಯಾಗಿ ಮಾಡಿದವನು ನಾನು ಹೋಗುವ ಕಾಲಕ್ಕೆ ಯಾಕೆ ಕೆಡಿಸುತ್ತೀ? ಅವನು ಹೇಳಿದ್ದು ಖರೆ. ರುಚಿಯ ಮಾತಿನಲ್ಲಿ ಅವನು ಎಂದೂ ತಪ್ಪಿದವನಲ್ಲ.

"ಫೇಂಕ್ ದೋ, ಪರಪ್ಪ," ಎಂದ. ಚೆಲ್ಲಿಬಿಡು ಅಂತ. ಪೆನ್ನು ಕೈಗೆ ತೆಗೆದುಕೊಂಡಿದ್ದ.

ನಾನು ಪರದೆಯ ಕಡೆ ನೋಡಲಿಲ್ಲ. ಬಟ್ಟಲು ಕೆಳಗಿಟ್ಟೆ, ಗ್ಲಾಸಿಗೆ ಇನ್ನೊಂದು ಚಮಚ ಹಾಕಿದೆ, ತಿರುಗಿಸಿದೆ, ಝಾಡಿಸಿದೆ. ಗೆಳೆಯನ ಗ್ಲಾಸಿಗೂ ಹಾಗೇ ಮಾಡಿದೆ. ಜಿನ್ ಸುರಿದೆ, ನೀರು ಸುರಿದೆ. ಸಾಹೇಬ ಮೊದಲ ಗುಟುಕು ಕುಡಿದ, ತಕ್ಷಣ ಎರಡನೆಯದು ಕುಡಿದ, ಕಾಗದಕ್ಕೆ ಸಹಿ ಹಾಕಿದ.

ಹಿಂದಿನ ಮನೆಗೆ ಹೋದಾಗ ಒಲೆಗೆ ನೀರು ಹೊಡೆದಿತ್ತು. ಅಕ್ಕ ಒಂದು ಸೀರೆಯಲ್ಲಿ ಇನ್ನೊಂದು ಸೀರೆ, ಪೂಜೆಯ ಸಾಮಾನು, ಒಣಗಿದ ನೆಲಬೇವಿನ ಕಟ್ಟು ಗಂಟು ಕಟ್ಟುತ್ತಿದ್ದಳು. ಕಷಾಯದ ಗಡಿಗೆ ಖಾಲಿಯಾಗಿರಲಿಲ್ಲ. ಅದರ ಬಾಯಿಗೆ ಬಟ್ಟೆ ಬಿಗಿದು ಸೊಂಟಕ್ಕೆ ಇಟ್ಟುಕೊಂಡಳು.

"ಕಾಯಂ ಆತು," ಎಂದೆ.

"ಚಲೋ ಆತು. ಹೋಳಗಿ ಮಾಡಿಟ್ಟೇನಿ, ಉಣ್ಣು."

"ನೀ?"

"ನಾ ಇವತ್ತು ಉಣ್ಣಾಕ ಬರೂದಿಲ್ಲಲಾ."

"ಎಲ್ಲಿಗೆ ಹೊಂಟಿ? ಸಾಹೇಬ ನಾಡದು ಸಿಂಧಕ್ಕ ಹೋಗ್ತಾನ. ಮುಂದ ಇದೆಲ್ಲಾ ಇರೂದಿಲ್ಲ. ಎರಡ ದಿನ ತಡಿ."

"ಮುಂದ ಬರಾಂವ ಇನ್ನೊಂದ ಏನರ ಹೇಳ್ತಾನ. ನೀ ಮಾಡ್ತಿ. ಮಾಡೂದಿಲ್ಲ ಅಂದಿದ್ದರ ನಿನ್ನ ಬಾಯಾಗ ಹಲ್ಲ ಉಳೀತಿದ್ದಿಲ್ಲೇನು?"

ಸಿಟ್ಟು ತಲೆಗೇರಿತು. "ಹೋಗು. ಘೋಡಗೇರಿಯಾಗ ಯಾರ ಕುಂತಾರ ನಿನ್ನ ದಾರಿ ಕಾಯ್ಕೊಂತ? ಮನಿ ಬಿದ್ದು ನಾಕ ವರ್ಷ ಆತು."

"ಜ್ವರದವರು ಅದಾರ," ಎಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಬಾಗಲಾ ಹಾಕ್ಕೊ, ನಾಯಿ ಬರ್ತೈತಿ."

ಕಾಲುವೆಯ ದಂಡೆ ಹಿಡಿದು ನಡೆದಳು. ಬೆಳಕು ಇನ್ನೂ ಸ್ವಲ್ಪ ಇತ್ತು. ಗಡಿಗೆ ತುಳುಕಬಾರದೆಂದು ಬಹಳ ನಿಧಾನ ಹೋಗುತ್ತಿದ್ದಳು. ನಾಲ್ಕು ಹೆಜ್ಜೆ ಓಡಿದ್ದರೆ ಹಿಡಿಯಬಹುದಿತ್ತು. ಅಷ್ಟರಲ್ಲಿ ವರಾಂಡದಿಂದ ಸಾಹೇಬ ಕೂಗಿದ, ಎರಡನೆಯ ಗ್ಲಾಸಿಗೆ. ಮಳೆ ಬಂದಾಗ ಬಂದಾಳು, ಬಿದ್ದ ಮನೆಯಲ್ಲಿ ಎಷ್ಟು ದಿನ ಇರುತ್ತಾಳೆ ಎಂದುಕೊಂಡು ನಾನು ಒಳಗೆ ಹೋದೆ.

ಹೋಳಿಗೆ ನಾನೊಬ್ಬನೇ ಉಂಡೆ. ಹಸಿವೆಯಾಗಿತ್ತು, ಉಂಡೆ. ಮಳೆಗಾಲ ಬಂತು, ಹೋಯಿತು. ಅವಳು ಬರಲಿಲ್ಲ.